ಹಿಂದಿನ ಎಡ ಸ್ಪೀಕರ್

ನಮ್ಮ ಭಾವ ರೈಲ್ವೆ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಗಾಡಿಗಳ ಬರವು ಹೋಗುವಿಕೆಗಳನ್ನು ಮೈಕಿನಲ್ಲಿ ಕೂಗಿ ನಿವೃತ್ತರಾದವರು. ಆದ್ದರಿಂದ ಶಬ್ದದ ವಿಷಯದಲ್ಲಿ ತಮಗೆ ತಿಳಿಯದ್ದು ಯಾವುದೂ ಇಲ್ಲವೆಂದು ಅವರು ನಂಬಿದ್ದರು. ಈ ನಂಬಿಕೆಗೆ ಪ್ರಯಾಣಿಕರ ಬೆಂಬಲವಿರಲಿಲ್ಲ. ಅವರ ಕೂಗು ಕೇಳಿ ಮೂರನೆಯ ಪ್ಲಾಟ್‌ಫಾರಂಗೆ ಓಡಿದವರು ಒಂದನೆಯದರಿಂದ ಗಾಡಿ ಹೊರಡುವುದನ್ನು ಕಣ್ಣು ತುಂಬ ನೋಡಿದ್ದುಂಟು. ಅದು ಗಾಡಿಯ ತಪ್ಪು, ಕೂಗಿನ ತಪ್ಪಲ್ಲ ಎಂದು ಭಾವ ಹೇಳುತ್ತಿದ್ದರು.

ಅಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಪ್ಲಾಟ್‌ಫಾರಂಗೆ ಇಳಿದು ತಮ್ಮ ದನಿ ಅಲ್ಲಿ ಹೇಗೆ ಕೇಳುತ್ತದೆಂದು ನೋಡಿದವರಲ್ಲ. ಕೂಗುವವನು ಕೂಗುವ ಕೋಣೆ ಬಿಟ್ಟು ಕದಲಬಾರದು ಎಂಬುದು ಅವರ ವೃತ್ತಿಧರ್ಮ. ಮುಂದೆ ನಡೆದ ಅನಾಹುತಕ್ಕೆಲ್ಲ ಈ ಧರ್ಮವೇ ಕಾರಣ.

ನನ್ನ ಅಕ್ಕ, ಅಂದರೆ ಭಾವನ ಹೆಂಡತಿ, ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಅಕ್ಕ ಐವರು ಹೆಂಗಸರ ಒಂದು ಪ್ರಾರ್ಥನಾ ಗುಂಪಿನಲ್ಲಿ ಹಾಡುತ್ತಿದ್ದಳು. ಅದರಲ್ಲಿ ಒಬ್ಬರು ಅಧ್ಯಕ್ಷೆ, ಮೂವರು ಅಧ್ಯಕ್ಷೆಗೆ ಹೆದರುವವರು, ಉಳಿದವಳು ಅಕ್ಕ. ಅಧ್ಯಕ್ಷೆ ಹಾಡಿದರೆ ಶ್ರುತಿ ಕದಲುತ್ತಿರಲಿಲ್ಲ. ಅಕ್ಕ ಹಾಡಿದರೆ ಶ್ರುತಿ ಒಂದು ಕಡೆ ನಿಲ್ಲುತ್ತಿರಲಿಲ್ಲ, ಆದರೆ ಭಕ್ತಿಗೆ ಏನೂ ಕಡಿಮೆ ಇರಲಿಲ್ಲ. ಇಬ್ಬರಲ್ಲಿ ಯಾರ ಹಾಡು ದೇವರಿಗೆ ತಲುಪಿತೆಂದು ದೇವರು ಇದುವರೆಗೆ ಬಾಯಿ ಬಿಟ್ಟಿಲ್ಲ. ಅವನೂ ಅಧ್ಯಕ್ಷೆಗೆ ಹೆದರುವವನೇ ಇರಬೇಕು.

ಅಕ್ಕ ಹೋಗುವುದಕ್ಕೆ ಮೂರು ತಿಂಗಳ ಮುಂಚೆ ಈ ಗುಂಪಿನ ಹಾಡುಗಳನ್ನು ಒಬ್ಬ ಬಂದು ಧ್ವನಿಮುದ್ರಣ ಮಾಡಿಕೊಂಡಿದ್ದ. ಅವನದು ಹೊಸ ಪದ್ಧತಿ. ಐವರನ್ನೂ ಸುತ್ತಲೂ ಕೂರಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಮೈಕು ಇಟ್ಟು, ಐದು ದನಿಗಳನ್ನೂ ಬೇರೆ ಬೇರೆಯಾಗಿ ಹಿಡಿದ. ಕೇಳುವವರು ನಡುವೆ ಕೂತರೆ ಐದು ದಿಕ್ಕಿನಿಂದಲೂ ಹಾಡು ಬರಬೇಕೆಂದು ಅವನ ಆಸೆ. ಐವರು ಹೆಂಗಸರು ಸುತ್ತ ಕೂತು ಹಾಡಿದರೆ ನಡುವಿನವನ ಗತಿಯೇನೆಂದು ಅವನು ಯೋಚಿಸಿದಂತೆ ಕಾಣಲಿಲ್ಲ.

ಮುದ್ರಣದ ಪೆನ್‌ಡ್ರೈವ್ ಭಾವನ ಕೈ ಸೇರುವ ಹೊತ್ತಿಗೆ ಅಕ್ಕ ಇರಲಿಲ್ಲ. ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತವರ ಮನೆಯಲ್ಲಿ ಅಕ್ಕನ ದನಿ ಇನ್ನೆಲ್ಲೂ ಉಳಿದಿರಲಿಲ್ಲ. ಮನೆಯಲ್ಲಿ ಮಾತಾಡಿದ್ದನ್ನು ಯಾರು ಹಿಡಿದಿಡುತ್ತಾರೆ? ಇದ್ದದ್ದು ಇದೊಂದೇ.

ಭಾವ ಸ್ನಾನ ಮಾಡಿ, ಶುಭ್ರವಾದ ಬಟ್ಟೆ ಹಾಕಿಕೊಂಡು, ಕಂಪ್ಯೂಟರಿನ ಎರಡು ಪುಟ್ಟ ಸ್ಪೀಕರುಗಳ ಮುಂದೆ ಕಣ್ಣು ಮುಚ್ಚಿ ಕೂತರು. ಹೆದರುವವರ ಪೈಕಿ ಇಬ್ಬರ ದನಿ ಬಂತು. ಮೂರನೆಯವರಿಲ್ಲ, ಅಧ್ಯಕ್ಷೆಯಿಲ್ಲ, ಅಕ್ಕನಿಲ್ಲ. ಭಾವ ಮುದ್ರಣ ಮಾಡಿದವನಿಗೆ ಫೋನು ಮಾಡಿದರು. ಅದು ಆರು ಸ್ಪೀಕರಿನ ಸರೌಂಡ್ ಪದ್ಧತಿ, ಎರಡರಲ್ಲಿ ಕೇಳುವಂಥದ್ದಲ್ಲ ಎಂದು ಅವನು ಹೇಳಿದ. ಶಬ್ದದ ವಿಷಯ ನನಗೇ ಹೇಳುತ್ತೀಯಾ ಎಂದು ಭಾವ ಗದರಿ ಫೋನಿಟ್ಟು, ಅಂಗಡಿಗೆ ಹೋಗಿ ಆರು ಸ್ಪೀಕರಿನ ಪೆಟ್ಟಿಗೆ ತಂದರು.

ತಂದು ಸಿಕ್ಕಿಸಿದರೂ ಅದೇ ಇಬ್ಬರು ಹೆಂಗಸರು ಹಾಡಿದರು. ಮಿಕ್ಕ ನಾಲ್ಕು ಸ್ಪೀಕರುಗಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದವು. ಆಗ ಕಂಪ್ಯೂಟರ್ ರಿಪೇರಿಯಾಕೆಯನ್ನು ಕರೆಸಬೇಕಾಯಿತು. ಆಕೆ ನಡುವಯಸ್ಸಿನವಳು, ಮಾತು ಕಡಿಮೆ, ಕನ್ನಡಕ ಹಣೆಯ ಮೇಲೆ. ಭಾವ ತಮ್ಮ ಮೂವತ್ತೊಂದು ವರ್ಷದ ಅನುಭವವನ್ನು ಹೇಳಿ ಮುಗಿಸುವುದರೊಳಗೆ ಆಕೆ ಮೇಜಿನ ಕೆಳಗೆ ತೂರಿ, ಹಸಿರು ತೂತಿಗೆ ಸಿಕ್ಕಿಸಬೇಕಾದ ತಂತಿಯನ್ನು ಕಪ್ಪಿಗೂ, ಕಪ್ಪಿನದನ್ನು ಕಿತ್ತಳೆಗೂ ಸಿಕ್ಕಿಸಿದ್ದನ್ನು ಸರಿಮಾಡಿಯಾಗಿತ್ತು.

"ಸರ್, ನಿಮ್ಮ ಹತ್ರ ಎರಡೇ ಸ್ಪೀಕರ್ ಇದೆ ಅಂತ ಈ ಕಂಪ್ಯೂಟರ್ ತಿಳ್ಕೊಂಡಿದೆ," ಎಂದಳು ಕೆಳಗಿನಿಂದಲೇ. "ಹಿಂದಿನ ದನಿ ಬಂದ್ರೆ ಎಲ್ಲಿಗೆ ಕಳಿಸತ್ತೆ? ಬಿಟ್ಟುಬಿಡತ್ತೆ."

"ಆರು ಇದೆ ಅಂತ ಕಣ್ಣಿಗೆ ಕಾಣ್ತಾ ಇಲ್ವಾ ಅದಕ್ಕೆ?"

"ಕಣ್ಣಿಲ್ಲ ಸರ್. ಡ್ರೈವರ್ ಹೇಳಬೇಕು."

ಡ್ರೈವರ್ ಎಂದರೆ ಕಂಪ್ಯೂಟರಿನ ಮಾತನ್ನು ಸ್ಪೀಕರಿಗೆ ತಿಳಿಯುವಂತೆ ದಾಟಿಸುವ ಒಂದು ತಂತ್ರಾಂಶ. ಮದುವೆಯ ದಲ್ಲಾಳಿ ಎಂದರೂ ಸಲ್ಲುತ್ತದೆ. ಭಾವನ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ತಾನಾಗಿಯೇ ಹಾಕಿಕೊಂಡ ಸಾಧಾರಣ ಡ್ರೈವರ್, ಅದಕ್ಕೆ ಎರಡರ ಮೇಲೆ ಎಣಿಕೆ ಬಾರದು. ಆಕೆ ಅದನ್ನು ಕಿತ್ತು, ತಯಾರಕರ ಡ್ರೈವರ್ ಇಳಿಸಿ, ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಳು. ವಿಂಡೋಸ್ ಎದ್ದು ಕಣ್ಣುಜ್ಜಿಕೊಂಡು, ನಿಮ್ಮ ಒಳ್ಳೆಯದಕ್ಕಾಗಿ ಹಳೆಯದನ್ನೇ ಮತ್ತೆ ಹಾಕಿದ್ದೇನೆ ಎಂಬ ಅರ್ಥದ ಮಾತು ಹೇಳಿತು. ಆಕೆ ಮತ್ತೆ ಕಿತ್ತಳು. ಅದು ಮತ್ತೆ ಹಾಕಿತು. ಇದು ಥೇಟ್ ನಮ್ಮ ಮೇಲಧಿಕಾರಿ ಎಂದು ಭಾವ ಮೆಚ್ಚಿಕೊಂಡರು. ಕೊನೆಗೆ ಆಕೆ ಇಂಟರ್‌ನೆಟ್ಟಿನ ತಂತಿಯನ್ನೇ ಕಿತ್ತು, ವಿಂಡೋಸ್‌ಗೆ ಹೊರಗಿನ ನೆರವು ಸಿಗದಂತೆ ಮಾಡಿ ಗೆದ್ದಳು.

ಪರದೆಯ ಮೇಲೆ 5.1 ಸರೌಂಡ್ ಎಂಬ ಸಾಲು ಮೂಡಿತು. ಭಾವ ಅದನ್ನು ಎರಡು ಸಲ ಓದಿದರು. ಐದು ಸರಿ, ಹತ್ತರಲ್ಲಿ ಒಂದು ಭಾಗದ ಸ್ಪೀಕರನ್ನು ಯಾವ ಅಂಗಡಿಯವನು ಕೊಯ್ದು ಕೊಡುತ್ತಾನೆ ಎಂದು ಕೇಳಿದರು. ಗುಡುಗಿನಂಥ ಸದ್ದಿಗೆ ಇರುವ ಆ ದೊಡ್ಡ ಪೆಟ್ಟಿಗೆಯೇ ಬಿಂದು ಒಂದು ಎಂದು ಆಕೆ ತೋರಿಸಿದಳು. ಎಲ್ಲಕ್ಕಿಂತ ದೊಡ್ಡವನನ್ನು ಬಿಂದು ಒಂದು ಎಂದು ಕರೆಯುವ ಶಾಸ್ತ್ರದ ಮೇಲೆ ಭಾವನಿಗಿದ್ದ ಗೌರವ ಅಲ್ಲಿಗೆ ಮುಗಿಯಿತು.

ಪರದೆಯಲ್ಲಿ ಒಂದು ಕುರ್ಚಿಯ ಚಿತ್ರ, ಅದರ ಸುತ್ತ ಸ್ಪೀಕರುಗಳ ಚಿತ್ರ. ಪರೀಕ್ಷೆಯ ಗುಂಡಿ ಒತ್ತಿದಾಗ ಒಂದಾದ ಮೇಲೆ ಒಂದರಂತೆ ಆರೂ ಟಿಂಗೆಂದವು, ದೊಡ್ಡದು ಮಾತ್ರ ಗುಂಯ್ ಎಂದಿತು. ಇನ್ನು ಇವನ್ನು ಜಾಗದಿಂದ ಕದಲಿಸಬೇಡಿ ಎಂದು ಎಚ್ಚರಿಸಿ, ಮುಂದಿನ ಮನೆಗೆ ಹೊತ್ತಾಯಿತೆಂದು ಆಕೆ ಹೊರಟಳು.

ಆಕೆ ಮೆಟ್ಟಿಲು ಇಳಿದಳೋ ಇಲ್ಲವೋ, ಭಾವ ಎಲ್ಲವನ್ನೂ ಕದಲಿಸಿದರು.

ಆ ಸಂಜೆ ಊರಿನ ಇನ್ನೊಂದು ತುದಿಯಲ್ಲಿರುವ ನನಗೆ ಫೋನಿನಲ್ಲಿ ಇದರ ತತ್ತ್ವವನ್ನು ವಿವರಿಸಿದರು. "ಒಂದೇ ಕೋಣೆಯಲ್ಲಿ ಆರು ಸ್ಪೀಕರ್ ಇಡೋದು ಅಂದ್ರೆ ಏನಯ್ಯಾ? ಒಬ್ಬ ಪ್ರಯಾಣಿಕನ ಮುಂದೆ ಆರು ಜನ ನಿಂತು ಕೂಗಿದ ಹಾಗೆ. ನಮ್ಮ ನಿಲ್ದಾಣದಲ್ಲಿ ಪ್ಲಾಟ್‌ಫಾರಂಗೆ ಒಂದು. ಅದು ಲೆಕ್ಕ."

ನನಗೂ ಆಗ ಅದು ಸರಿಯೆಂದೇ ತೋರಿತು. ನಮ್ಮ ಮನೆತನದಲ್ಲಿ ಯಾರಿಗೂ ಇಂಥ ವಿಷಯದಲ್ಲಿ ತಲೆ ಓಡುವುದಿಲ್ಲ. ಉದ್ದುದ್ದ ತಂತಿ ತಂದು ಭಾವ ಒಂದು ಸ್ಪೀಕರನ್ನು ನಡುಮನೆಯಲ್ಲಿಟ್ಟರು, ಒಂದನ್ನು ಅಡಿಗೆಮನೆಯಲ್ಲಿ, ಒಂದನ್ನು ಮಲಗುವ ಕೋಣೆಯಲ್ಲಿ, ಒಂದನ್ನು ಬಚ್ಚಲಿನಲ್ಲಿ. ದೊಡ್ಡ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದರು. ಐದನೆಯದಕ್ಕೆ ಒಳಗೆ ಜಾಗ ಸಾಲದೆ, ಬಂದು ಹೋಗುವವರ ಅನುಕೂಲಕ್ಕಿರಲೆಂದು ಮುಂಬಾಗಿಲಿನ ಆಚೆ, ಮೆಟ್ಟಿಲ ತಿರುವಿನಲ್ಲಿ, ಮೀಟರ್ ಪೆಟ್ಟಿಗೆಯ ಮೇಲಿನ ಗೂಡಿನಲ್ಲಿಟ್ಟರು. ಕದ್ದುಕೊಂಡು ಹೋದಾರೆಂದು ಮುಂದೆ ಹಳೆಯ ಪತ್ರಿಕೆಗಳ ಕಟ್ಟೊಂದನ್ನು ಅಡ್ಡ ಇಟ್ಟರು. ಪಾಸಾದವರನ್ನು ಮತ್ತೆ ಪರೀಕ್ಷೆಗೆ ಕೂರಿಸುವುದು ಅವಮಾನವೆಂದು ಪರೀಕ್ಷೆಯ ಗುಂಡಿಯನ್ನು ಮುಟ್ಟಲಿಲ್ಲ. ಬೀದಿಯ ಗದ್ದಲ ಒಳಗೆ ಬಾರದಂತೆ ಮುಂಬಾಗಿಲು ಭದ್ರವಾಗಿ ಹಾಕಿ, ಮತ್ತೆ ಸ್ನಾನ ಮಾಡಿ, ನಡುಮನೆಯಲ್ಲಿ ಕೂತು ಹಾಡು ಹಚ್ಚಿದರು.

ನಡುಮನೆಯಲ್ಲಿ ಅಧ್ಯಕ್ಷೆ ಹಾಡಿದರು, ಗಟ್ಟಿಯಾಗಿ. ಅಡಿಗೆಮನೆಯಿಂದ ಒಬ್ಬರು, ಮಲಗುವ ಕೋಣೆಯಿಂದ ಒಬ್ಬರು, ಬಚ್ಚಲಿನಿಂದ ಮೂರನೆಯವರು ಅವರಿಗೆ ಹೆದರುತ್ತ ದನಿಗೂಡಿಸಿದರು. ಭಾವ ಕೊನೆಯವರೆಗೂ ಕಣ್ಣು ಮುಚ್ಚಿ ಕೂತಿದ್ದರಂತೆ. ನಾಲ್ಕು. ಮತ್ತೆ ಹಾಕಿದರು. ನಾಲ್ಕೇ.

ಎರಡೇ ಸ್ಪೀಕರ್ ಇದ್ದಾಗ ಮೂವರು ಕಾಣೆಯಾಗಿದ್ದರು, ಅದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಈಗ ಆರು ಸ್ಪೀಕರ್ ಇಟ್ಟು ಹುಡುಕಿದರೂ ಸಿಗದವಳು ಅಕ್ಕ ಒಬ್ಬಳೇ. ಭಾವನ ಮನಸ್ಸು ಅಧ್ಯಕ್ಷೆಯ ಮೇಲೆ ಹೋಗುವುದಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ. ಶ್ರುತಿ ಕೆಡಿಸುತ್ತಾಳೆಂದು ಅಕ್ಕನ ದನಿಯನ್ನು ಮುದ್ರಣದಿಂದ ಅಳಿಸಿಬಿಟ್ಟಿದ್ದಾರೆ.

ಮರುದಿನವೇ ಅಧ್ಯಕ್ಷೆಯ ಮನೆಗೆ ಹೋದರು. ಅಧ್ಯಕ್ಷೆ ಬಾಗಿಲು ತೆಗೆದು, ಬನ್ನಿ, ಕೂತುಕೊಳ್ಳಿ, ನೀರು ಕುಡಿಯಿರಿ ಎಂದು ಉಪಚರಿಸಿದರು. ಭಾವ ಕೂರಲಿಲ್ಲ, ನೀರು ಮಾತ್ರ ಕುಡಿದರು.

"ಅವಳು ಶ್ರುತಿ ತಪ್ತಿದ್ದಳು. ಒಪ್ಕೋತೀನಿ," ಎಂದರು. "ಅಷ್ಟಕ್ಕೇ ಅಳಿಸೋದಾ?"

"ಏನು ಅಳಿಸೋದು? ಯಾರು?"

"ನಿಮ್ಮ ದನಿ ಹಾಗೇ ಇದೆ. ನಡುಮನೇಲಿ ಗುಡುಗ್ತಾ ಇದೆ. ನಿಮಗೆ ಹೆದರೋರು ಮೂರು ಜನಾನೂ ಇದ್ದಾರೆ. ಬಚ್ಚಲಲ್ಲಿ ಒಬ್ಬರಿದ್ದಾರೆ. ನಮ್ಮವಳು ಎಲ್ಲಿ?"

ತಮ್ಮ ಗುಂಪಿನವರೊಬ್ಬರು ಈ ಮನುಷ್ಯನ ಬಚ್ಚಲಲ್ಲಿ ಇದ್ದಾರೆಂಬ ಸುದ್ದಿಯಿಂದ ಅಧ್ಯಕ್ಷೆ ಚೇತರಿಸಿಕೊಳ್ಳುವುದಕ್ಕೆ ತುಸು ಹೊತ್ತು ಬೇಕಾಯಿತು. ಚೇತರಿಸಿಕೊಂಡ ಮೇಲೆ, ನಲವತ್ತು ವರ್ಷದಿಂದ ಹಾಡುತ್ತಿದ್ದೇನೆ, ಯಾರ ದನಿಗೂ ಅಡ್ಡ ಬಂದವಳಲ್ಲ, ಮೇಲಕ್ಕೆ ಮಾತ್ರ ಹೋಗಿದ್ದೇನೆ ಎಂದು ತಿಳಿಸಿ ಬಾಗಿಲು ತೋರಿಸಿದರು. ಭಾವ ಅಲ್ಲಿಂದ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ, ದುಂಡಾದ ಅಕ್ಷರದಲ್ಲಿ ಒಂದು ಅರ್ಜಿ ಬರೆದುಕೊಟ್ಟರು: ತಮ್ಮ ಹೆಂಡತಿಯ ದನಿ ಕಳವಾಗಿದೆ, ಹುಡುಕಿಕೊಡಬೇಕು.

ಇತ್ತ ಭಾವ ದಿನಕ್ಕೆ ನಾಲ್ಕು ಸಲ, ಎಲ್ಲಿಯಾದರೂ ಒಂದು ಎಳೆ ಸಿಕ್ಕೀತೇನೋ ಎಂದು, ಸದ್ದು ಏರಿಸಿ ಏರಿಸಿ ಹಾಡು ಹಾಕುತ್ತಿದ್ದರು. ಮುಚ್ಚಿದ ಬಾಗಿಲಿನ ಆಚೆ, ಮೆಟ್ಟಿಲ ತಿರುವಿನಲ್ಲಿ, ಪತ್ರಿಕೆಗಳ ಕಟ್ಟಿನ ಹಿಂದಿನಿಂದ, ಹನ್ನೊಂದು ತಿಂಗಳ ಹಿಂದೆ ಸತ್ತ ನನ್ನ ಅಕ್ಕ ದಿನಕ್ಕೆ ನಾಲ್ಕು ಸಲ ಒಬ್ಬಳೇ ಹಾಡುತ್ತಿದ್ದಳು.

ಮೊದಲು ಕೇಳಿದವರು ಕೆಳಗಿನ ಮನೆಯ ನರ್ಸಮ್ಮ. ಅವರು ಆಸ್ಪತ್ರೆಯಿಂದ ನಿವೃತ್ತರಾದವರು. ಅಕ್ಕ ಹೋದ ದಿನ ನಾಡಿ ಹಿಡಿದು ನೋಡಿ, ಮುಗಿಯಿತು ಎಂದು ಹೇಳಿದವರು ಅವರೇ. ಆದ್ದರಿಂದ ಮೆಟ್ಟಿಲ ಮೇಲೆ ಅಕ್ಕನ ಹಾಡು ಕೇಳಿದಾಗ ಉಳಿದವರಿಗೆ ಹೆದರಿಕೆಯಾದರೆ ನರ್ಸಮ್ಮನಿಗೆ ಅವಮಾನವಾಯಿತು. ಕಟ್ಟಡದ ಸೆಕ್ರೆಟರಿಯ ಮನೆಗೆ ಹೋಗಿ, ನಾನು ನೋಡಿದ ನಾಡಿಯಲ್ಲಿ ಇದುವರೆಗೆ ಒಬ್ಬರೂ ಎದ್ದು ಬಂದದ್ದಿಲ್ಲ ಎಂದು ಕೈಯಾಡಿಸಿ ಹೇಳಿದರು. ಸೆಕ್ರೆಟರಿ ಸ್ವತಃ ಪರಿಶೀಲಿಸಲು ಮೆಟ್ಟಿಲು ಹತ್ತಿದರು. ಹಾಡಿನ ಎರಡನೆಯ ಸಾಲಿಗೆ ಇಳಿದರು. ಅಕ್ಕನೇ, ಸಂಶಯವಿಲ್ಲ, ಆ ಶ್ರುತಿ ಇನ್ನೊಬ್ಬರಿಗೆ ಬರುವುದಿಲ್ಲ ಎಂದು ವರದಿ ಕೊಟ್ಟರು. ಹಾಡು ಮುಗಿಯುವವರೆಗೆ ಅಲ್ಲಿ ನಿಂತವರು ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ.

ಭಾವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹೆಂಡತಿ ಕಳೆದುಕೊಂಡು ಒದ್ದಾಡುತ್ತಿರುವವರ ಮುಂದೆ ಹೋಗಿ, ನಿಮ್ಮ ಹೆಂಡತಿ ಬಾಗಿಲಲ್ಲೇ ನಿಂತಿದ್ದಾರೆ, ನೀವೇಕೆ ಒಳಗೆ ಕರೆಯುತ್ತಿಲ್ಲ ಎಂದು ಹೇಗೆ ಕೇಳುವುದು? ಬದಲಿಗೆ ಎಲ್ಲರೂ ಅವರನ್ನು ಕಂಡಾಗ ಮೆಲ್ಲಗೆ ಮಾತಾಡತೊಡಗಿದರು. ಅಧ್ಯಕ್ಷೆ ಊರೆಲ್ಲ ಚಾಡಿ ಹೇಳಿದ್ದಾರೆ, ನೆರೆಯವರೂ ತಿರುಗಿಬಿದ್ದಿದ್ದಾರೆ ಎಂದು ಭಾವ ನನಗೆ ಫೋನು ಮಾಡಿ ದುಃಖಪಟ್ಟರು.

ಸೆಕ್ರೆಟರಿ ಸಭೆ ಕರೆದರು. ನಡಾವಳಿ ಪುಸ್ತಕವನ್ನು ನಾನು ಆಮೇಲೆ ನೋಡಿದ್ದೇನೆ. ಮೊದಲನೆಯ ವಿಷಯ ನೀರಿನ ಟ್ಯಾಂಕು ತೊಳೆಯುವುದು. ಎರಡನೆಯದು ಮೃತ ನಿವಾಸಿಯೊಬ್ಬರು ಸಾರ್ವಜನಿಕ ಮೆಟ್ಟಿಲಲ್ಲಿ ಹಾಡುವುದು. ಎರಡನೆಯದರ ಮೇಲೆ ದೀರ್ಘ ಚರ್ಚೆಯಾಯಿತು. ನಿಯಮದ ಪ್ರಕಾರ ನಿವಾಸಿ ಸತ್ತ ಮೇಲೆ ಸದಸ್ಯತ್ವ ತಾನಾಗಿಯೇ ರದ್ದಾಗುತ್ತದೆ, ಸದಸ್ಯರಲ್ಲದವರು ಮೆಟ್ಟಿಲಲ್ಲಿ ಹಾಡುವಂತಿಲ್ಲ ಎಂದು ಸೆಕ್ರೆಟರಿ. ಹಾಡುತ್ತಿರುವುದು ದೇವರ ಹಾಡು, ನಿಲ್ಲಿಸಿದರೆ ಪಾಪ ಯಾರ ತಲೆಗೆ ಎಂದು ಮೇಲಿನ ಮನೆಯವರು. ಹಾಡುವಷ್ಟು ಉಸಿರಿದ್ದರೆ ಸತ್ತದ್ದು ಸುಳ್ಳು, ಸತ್ತದ್ದು ನಿಜವಾದರೆ ಹಾಡುವುದು ಸುಳ್ಳು, ಎರಡರಲ್ಲಿ ಒಂದನ್ನು ತೀರ್ಮಾನಿಸಿ ನನ್ನ ಹೆಸರು ಉಳಿಸಿ ಎಂದು ನರ್ಸಮ್ಮ. ಟ್ಯಾಂಕು ತೊಳೆಸುವುದೆಂದೂ, ಹಾಡಿನ ವಿಷಯವನ್ನು ಪೊಲೀಸರಿಗೆ ಒಪ್ಪಿಸುವುದೆಂದೂ ನಿರ್ಣಯವಾಯಿತು.

ಠಾಣೆಯಲ್ಲಿ ಈ ಎರಡು ಅರ್ಜಿಗಳೂ ಒಬ್ಬನೇ ಪೇದೆಯ ಕೈಗೆ ಬಂದವು. ಅವನು ನಿವೃತ್ತಿಯ ಅಂಚಿನಲ್ಲಿದ್ದವನು, ನಿಧಾನಸ್ಥ, ಒಂದೇ ವಿಳಾಸಕ್ಕೆ ಎರಡು ಸಲ ಹೋಗುವ ಅಭ್ಯಾಸ ಇಲ್ಲದವನು. ಭಾನುವಾರ ಬೆಳಗ್ಗೆ ಹತ್ತಕ್ಕೆ ಎಲ್ಲರೂ ಸ್ಥಳದಲ್ಲಿ ಹಾಜರಿರಬೇಕೆಂದು ಹೇಳಿಕಳಿಸಿದ. ಅಧ್ಯಕ್ಷೆ ಆರೋಪಿಯಾಗಿ ಬಂದರು. ಸ್ಪೀಕರುಗಳು ಸರಿಯಾಗಿವೆಯೆಂದು ಸಾಕ್ಷಿ ಹೇಳಲು ಭಾವ ರಿಪೇರಿಯಾಕೆಯನ್ನು ಕರೆಸಿದ್ದರು. ಸೆಕ್ರೆಟರಿ ನಡಾವಳಿ ಪುಸ್ತಕ ಹಿಡಿದು ಬಂದರು. ನಾನು ಭಾವನ ಕಡೆಯವನೆಂದು ಬಂದೆ. ನರ್ಸಮ್ಮ ಮಾತ್ರ ಹೊಸ್ತಿಲ ಆಚೆಯೇ ನಿಂತರು.

ಪೇದೆ ಎರಡು ಕಾಗದಗಳನ್ನೂ ತೊಡೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡ.

"ಇದು ನಿಮ್ಮದು, ಯಜಮಾನರೇ. ಹೆಂಡತಿ ದನಿ ಕಾಣೆ. ಇದು ಇವರದು. ಅದೇ ಕಟ್ಟಡದಲ್ಲಿ, ಅದೇ ಮಹಡಿ ಹತ್ರ, ಹೆಂಗಸಿನ ದನಿಯೊಂದು ವಾರಸುದಾರರಿಲ್ಲದೆ ಓಡಾಡ್ತಾ ಇದೆ." ಅವನು ಎಲ್ಲರ ಮುಖ ನೋಡಿದ. "ಇಪ್ಪತ್ತೊಂಬತ್ತು ವರ್ಷ ಆಯ್ತು ನಾನು ಕೆಲಸಕ್ಕೆ ಸೇರಿ. ಕಳೆದುಹೋದ ಅರ್ಜಿ, ಸಿಕ್ಕಿದ ಅರ್ಜಿ ಎರಡೂ ಒಟ್ಟಿಗೆ ಬಂದಿದ್ದು ಇದೇ ಮೊದಲು."

ಭಾವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಪೇದೆ ಹಾಡು ಹಾಕಿ ಎಂದ. ಭಾವ ಎಂದಿನಂತೆ ಮುಂಬಾಗಿಲು ಮುಚ್ಚಿ ಹಾಡು ಹಾಕಿದರು. ಅಧ್ಯಕ್ಷೆ ತಮ್ಮ ದನಿಯನ್ನು ಕೇಳಿ ಸೆರಗು ಸರಿಮಾಡಿಕೊಂಡರು. ಅಡಿಗೆಮನೆ ಹಾಡಿತು, ಮಲಗುವ ಕೋಣೆ ಹಾಡಿತು, ಬಚ್ಚಲು ಹಾಡಿತು.

"ನೋಡಿದ್ರಾ?" ಎಂದರು ಭಾವ. "ಇಲ್ಲ."

ರಿಪೇರಿಯಾಕೆ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ, ಕೋಣೆಯಿಂದ ಕೋಣೆಗೆ ಹೋಗಿ, ಮಂಚದ ಕೆಳಗೂ ಬಗ್ಗಿ ನೋಡಿ ಬಂದಳು. "ಸರ್, ಇಲ್ಲಿ ಐದೇ ಇದೆ. ಹಿಂದಿನ ಎಡ ಸ್ಪೀಕರ್ ಎಲ್ಲಿ?"

"ಅದು ಐದನೇ ಪ್ಲಾಟ್‌ಫಾರಂನಲ್ಲಿದೆ," ಎಂದರು ಭಾವ, ಇಷ್ಟೂ ತಿಳಿಯದೇ ಎಂಬಂತೆ.

ಹೊಸ್ತಿಲ ಆಚೆಯಿಂದ ನರ್ಸಮ್ಮ ಬಾಗಿಲು ತಳ್ಳಿ ಕೂಗಿದರು. "ಇಲ್ಲಿ ಬನ್ನಿ. ಶುರು ಮಾಡಿದ್ದಾಳೆ ನೋಡಿ."

ಎಲ್ಲರೂ ಒಂದೇ ಬಾಗಿಲಿನಲ್ಲಿ ಹೊರಬಿದ್ದೆವು. ಪೇದೆ ಗೂಡಿನ ಮುಂದಿನ ಪತ್ರಿಕೆಗಳ ಕಟ್ಟನ್ನು ಎರಡೂ ಕೈಯಿಂದ ಎತ್ತಿ ಕೆಳಗಿಟ್ಟ. ಆಗ ಅಕ್ಕ ಬಂದಳು, ಯಾರ ಮರೆಯೂ ಇಲ್ಲದೆ, ಮಿಕ್ಕ ನಾಲ್ವರಿಗಿಂತ ಅರ್ಧ ಮೆಟ್ಟಿಲು ಮೇಲೆ, ಒಂದು ಸಾಲು ಮುಂದೆ, ದೇವರಿಗೆ ಇದಕ್ಕಿಂತ ಬೇರೆ ಕೆಲಸವಿಲ್ಲ ಎಂಬ ಭರವಸೆಯಲ್ಲಿ. ಅಧ್ಯಕ್ಷೆ ತಿದ್ದುವುದಕ್ಕೆಂದು ಅಭ್ಯಾಸಬಲದಿಂದ ಬಾಯಿ ತೆರೆದರು. ತೆರೆದದ್ದನ್ನು ಹಾಗೆಯೇ ಮುಚ್ಚಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ತಂತಿಯ ಜಾಡು ಹಿಡಿದು ಬಾಗಿಲ ಸಂದಿಯವರೆಗೆ ನೋಡಿದ ನರ್ಸಮ್ಮ, ನಾನು ಹೇಳಲಿಲ್ಲವೇ, ನಾಡಿ ಇರಲಿಲ್ಲ ಎಂದು ಸೆಕ್ರೆಟರಿಗೆ ಪಿಸುಗುಟ್ಟಿದರು. ನಾನು ಮೆಟ್ಟಿಲ ಕಟಕಟೆ ಹಿಡಿದು ನಿಂತಿದ್ದೆ. ಕಟ್ಟಡದಲ್ಲಿ ಎಲ್ಲರೂ ವಾರವೆಲ್ಲ ಅವಳನ್ನು ಕೇಳಿದ್ದರು. ಭಾವನಿಗೂ ನನಗೂ ಮಾತ್ರ ಈಗಷ್ಟೇ ಸಿಕ್ಕಿದ್ದಳು.

ಭಾವ ಗೂಡಿನ ಹತ್ತಿರ ಹೋಗಿ, ಎತ್ತರ ಸಾಲದೆ ಪತ್ರಿಕೆಗಳ ಕಟ್ಟಿನ ಮೇಲೆ ಹತ್ತಿ ನಿಂತು, ಕಿವಿಯನ್ನು ಸ್ಪೀಕರಿಗೆ ಆನಿಸಿದರು. ಕಟ್ಟು ಅಲುಗಾಡಿತು. ಪೇದೆ ಅವರ ಸೊಂಟ ಹಿಡಿದುಕೊಂಡ.

ಹಾಡು ಮುಗಿಯಿತು. ಮುದ್ರಣ ಮಾಡಿದವನು ನಡುವಿನ ತುಂಡನ್ನು ಕತ್ತರಿಸಿರಲಿಲ್ಲ. ಒಂದು ಕೆಮ್ಮು, ಬಳೆಯ ಸದ್ದು, ಪುಟ ತಿರುವಿದ ಸದ್ದು. ಆಮೇಲೆ ಅಕ್ಕ ಪಕ್ಕದವರಿಗೆ ಹೇಳಿದಂತೆ ತಗ್ಗಿದ ದನಿಯಲ್ಲಿ ಮಾತಾಡಿದಳು. ಮೈಕು ಅವಳ ಬಾಯಿಯ ಮುಂದೆಯೇ ಇದ್ದುದರಿಂದ ಮೂರು ಮಹಡಿಗೂ ಕೇಳಿಸಿತು.

"ಇನ್ನೂ ಎಷ್ಟು ಹಾಡಿದೆಯೋ ಇವರದು. ದೇವರಿಗೂ ಸಾಕಾಗಿರತ್ತೆ. ನಮ್ಮನೆಯವರಿಗೆ ಸ್ಟೌ ಹಚ್ಚೋಕೂ ಬರಲ್ಲ ಕಣೇ. ನಾನು ಹೋಗೋವರೆಗೆ ಹಾಲೂ ಹಾಗೇ ಇರತ್ತೆ, ಅವರೂ ಹಾಗೇ ಇರ್ತಾರೆ."

ಸೆಕ್ರೆಟರಿ ನಡಾವಳಿ ಪುಸ್ತಕದೊಳಗೆ ಮುಖ ಹುದುಗಿಸಿದರು. ಅಧ್ಯಕ್ಷೆ ನಕ್ಕರು, ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಪೇದೆ ಸೊಂಟ ಬಿಡದೆ ಮೇಲೆ ನೋಡಿ, ಗುರುತು ಸಿಕ್ಕಿತೇ, ಇವರೇನಾ ಎಂದು ಮೆಲ್ಲಗೆ ಕೇಳಿದ.

ಭಾವ ಗೂಡಿನ ಕಡೆಗೇ ಮುಖ ಇಟ್ಟುಕೊಂಡು, ಮೂವತ್ತೊಂದು ವರ್ಷ ಕೂಗಿದ ದನಿಯನ್ನು ಆದಷ್ಟು ಸಣ್ಣದು ಮಾಡಿ ಹೇಳಿದರು:

"ಹಚ್ಚೋಕೆ ಬರತ್ತೆ ಕಣೇ. ಈಗ ಬರತ್ತೆ."